ವಾರ್ಷಿಕ ತಪಾಸಣೆ: ಸಣ್ಣ ವಿಮಾನಗಳ ನಿರ್ವಹಣಾ ಕಾರ್ಯಾಗಾರವೊಂದರ ವಿಮರ್ಶೆ

ನಾಲ್ಕು ಆಸನಗಳ, ಒಂಟಿ ಎಂಜಿನ್ನಿನ ನಮ್ಮ ವಿಮಾನವನ್ನು ಈ ಸಲ ವಾರ್ಷಿಕ ತಪಾಸಣೆಗೆಂದು ಹೊಸ ಕಾರ್ಯಾಗಾರವೊಂದಕ್ಕೆ ಒಪ್ಪಿಸಿದ್ದೆವು. ಕೆಲಸ ಒಟ್ಟಾರೆ ಅಚ್ಚುಕಟ್ಟಾಗಿದೆ. ದಾಖಲೆ ಬರೆಯುವುದರಲ್ಲಿ ತೋರಿದ ಉದಾಸೀನ ಮಾತ್ರ ಒಪ್ಪತಕ್ಕದ್ದಲ್ಲ.

ತಪಾಸಣೆ ಮುಗಿಸಿ ಬಂದ ವಿಮಾನ ಮೊದಲಿಗಿಂತ ಸುರಕ್ಷಿತವೆಂದು ನಂಬುವುದು ಸಹಜ. ಆದರೆ ಬಿಚ್ಚಿ ಜೋಡಿಸಿದ ಪ್ರತಿಯೊಂದು ಭಾಗದಲ್ಲೂ ತಪ್ಪಿಗೆ ಎಡೆಯಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಜ್ಞಾನಿ ಸಿ. ಎಚ್. ವಾಡಿಂಗ್‌ಟನ್ ಮತ್ತು ಸಂಗಡಿಗರು ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ನ (ಸಮುದ್ರದ ಮೇಲೆ ಕಾವಲು ಹಾರುವ ವಿಭಾಗದ) ದಾಖಲೆಗಳನ್ನು ಪರಿಶೀಲಿಸಿದಾಗ, 50 ಗಂಟೆಗಳಿಗೊಮ್ಮೆ ನಡೆಯುತ್ತಿದ್ದ ತಪಾಸಣೆಯ ಬೆನ್ನಲ್ಲೇ ಅನಿರೀಕ್ಷಿತ ದುರಸ್ತಿಗಳು ಏರಿ, ಹಾರಾಟ ಮುಂದುವರಿದಂತೆ ಇಳಿಯುತ್ತಿದ್ದುದು ಕಂಡುಬಂದಿತ್ತು. ಆದ್ದರಿಂದ ಬಿಚ್ಚಿದ್ದನ್ನು ಮುಚ್ಚುವ ಮುನ್ನ ಇನ್ನೊಬ್ಬರು ಬಂದು ನೋಡುತ್ತಾರೆಯೇ ಎಂಬುದನ್ನೇ ನಾನು ಮೊದಲು ಗಮನಿಸುತ್ತೇನೆ.

ಇಲ್ಲಿ ನೋಡುತ್ತಾರೆ. ಏಲೆರಾನ್‌ನ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯಂಚಿನ ಚಲಿಸುವ ಫಲಕದ) ಕೇಬಲ್ ಬದಲಾಯಿಸಿದ ಮೆಕ್ಯಾನಿಕ್ ತಾವೇ ಸಹಿ ಹಾಕಿ ಮುಗಿಸದೆ, ಆ ಕೆಲಸಕ್ಕೆ ಕೈಹಾಕದಿದ್ದ ಸಹೋದ್ಯೋಗಿಯನ್ನು ಕರೆದರು. ಒಬ್ಬರು ಕಾಕ್‌ಪಿಟ್‌ನಲ್ಲಿ ಕುಳಿತು ಕಂಟ್ರೋಲ್ ವೀಲನ್ನು ಎಡಕ್ಕೆ ತಿರುಗಿಸಿದಾಗ, ಹೊರಗೆ ನಿಂತವರು "ಎಡದ್ದು ಮೇಲೆ, ಬಲದ್ದು ಕೆಳಗೆ" ಎಂದು ಗಟ್ಟಿಯಾಗಿ ಹೇಳಿದರು. ಕೇಬಲ್‌ಗಳು ಅದಲುಬದಲಾಗಿದ್ದರೂ ಕಂಟ್ರೋಲ್ ವೀಲ್ ಸರಾಗವಾಗಿಯೇ ತಿರುಗುವುದರಿಂದ, ದಿಕ್ಕನ್ನು ಗಮನಿಸದೆ ಚಲನೆಯನ್ನಷ್ಟೇ ನೋಡುವ ಪೈಲಟ್‌ಗೆ ತಪ್ಪು ಗೊತ್ತಾಗುವುದು ನೆಲ ಬಿಟ್ಟ ಮೇಲೆಯೇ. ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಫಲಕವಾದ ಎಲಿವೇಟರ್‌ನ ಅಂಚಿನಲ್ಲಿರುವ ಪುಟ್ಟ ಪಟ್ಟಿ, ಟ್ರಿಮ್ ಟ್ಯಾಬ್, ಇನ್ನೂ ದಾರಿ ತಪ್ಪಿಸುತ್ತದೆ: ಮೂಗು ಕೆಳಗಾಗುವಂತೆ ಟ್ರಿಮ್ ಮಾಡಿದರೆ ಟ್ಯಾಬ್ ಮೇಲೇಳಬೇಕು, ಹಾಗಾಗಿ ಉಲ್ಟಾ ಜೋಡಣೆಯೇ ಕಣ್ಣಿಗೆ ಸರಿಯೆನಿಸಿಬಿಡುತ್ತದೆ. ಅದನ್ನೂ ಅವರು ಕೈಪಿಡಿಯ ಚಿತ್ರ ಮುಂದಿಟ್ಟುಕೊಂಡೇ ಪರೀಕ್ಷಿಸಿದರು.

ಒಂದು ಸಿಲಿಂಡರಿನ ಕಂಪ್ರೆಷನ್ (ಒಳಗಿನ ಗಾಳಿಯನ್ನು ಸೋರದಂತೆ ಹಿಡಿದಿಡುವ ಒತ್ತಡ) ಕಡಿಮೆ ಬಂದಾಗ ತಕ್ಷಣ ಅದನ್ನು ಕಳಚದೆ, ಎಂಜಿನ್ ಓಡಿಸಿ, ಬಿಸಿಯಿರುವಾಗಲೇ ಮತ್ತೊಮ್ಮೆ ಅಳೆದರು. ಅಳತೆ ಮಿತಿಯೊಳಗೆ ಬಂತು. ಈ ತಾಳ್ಮೆ ನನಗೆ ಬಹಳ ಹಿಡಿಸಿತು. ಸಿಲಿಂಡರನ್ನು ಹಿಡಿದಿಡುವ ಉದ್ದನೆಯ ಬೋಲ್ಟ್‌ಗಳೇ ಎಂಜಿನ್ನಿನ ಒಡಲಾದ ಕ್ರ್ಯಾಂಕ್‌ಕೇಸ್‌ನ ಎರಡು ಹೋಳುಗಳನ್ನೂ ಬಿಗಿದಿರುವುದರಿಂದ, ಮರುಜೋಡಣೆಯಲ್ಲಿ ನಟ್‌ಗಳ ಬಿಗಿತ ಕಡಿಮೆಯಾದರೆ ಅಥವಾ ನಟ್‌ನ ಅಡಿಯಲ್ಲಿ ಬಣ್ಣ ಉಳಿದು ಬಿಗಿತ ಸಡಿಲಿದರೆ, ಒಳಗಿನ ಬೇರಿಂಗ್ ಸರಿದು ಎಣ್ಣೆಯ ದಾರಿ ಮುಚ್ಚಿ ಎಂಜಿನ್ನೇ ನಿಲ್ಲಬಹುದು.

ಒಪ್ಪಿಸಬೇಕಾದ ಸಂಜೆ ತಪಾಸಣಾ ಕನ್ನಡಿಯೊಂದು ಲೆಕ್ಕಕ್ಕೆ ಸಿಗಲಿಲ್ಲವೆಂದು, ಮುಚ್ಚಿದ್ದ ಫಲಕಗಳನ್ನು ಮತ್ತೆ ತೆರೆದು ಹುಡುಕಿ, ವಿಮಾನವನ್ನು ಮರುದಿನ ಕೊಟ್ಟರು. (ಕನ್ನಡಿ ಸಿಕ್ಕಿದ್ದು ಪಕ್ಕದ ವಿಮಾನದ ಟ್ರೇಯಲ್ಲಿ.) ಈ ವಿಳಂಬಕ್ಕೆ ನಾನು ಅಂಕ ಕಳೆಯುವುದಿಲ್ಲ.

ಅಂಕ ಕಳೆಯುವುದು ಲಾಗ್‌ಬುಕ್ಕಿಗೆ. ಇಷ್ಟೆಲ್ಲ ಎಚ್ಚರದಿಂದ ಮಾಡಿದ ಕೆಲಸಕ್ಕೆ "ಕೇಬಲ್ ಬದಲಾಯಿಸಿ ಹೊಂದಿಸಲಾಗಿದೆ" ಎಂಬ ಒಂದೇ ಸಾಲು. ಬಿಗಿತ ಎಷ್ಟಿತ್ತು, ಆಗ ಹ್ಯಾಂಗರಿನ ತಾಪಮಾನ ಎಷ್ಟಿತ್ತು ಎಂಬುದಿಲ್ಲ. ಅಲ್ಯೂಮಿನಿಯಂ ಒಡಲು ಚಳಿಗೆ ಉಕ್ಕಿನ ಕೇಬಲ್‌ಗಿಂತ ಹೆಚ್ಚು ಕುಗ್ಗಿ ಕೇಬಲ್ ಸಡಿಲವಾಗುವುದರಿಂದ, ತಾಪಮಾನವಿಲ್ಲದ ಬಿಗಿತದ ಅಂಕಿಗೂ ಪೂರ್ಣ ಅರ್ಥವಿರದು. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಬಿದ್ದು 21 ಮಂದಿಯ ಸಾವಿಗೆ ಕಾರಣವಾದ ಬೀಚ್‌ಕ್ರಾಫ್ಟ್ 1900ಡಿ ನಮ್ಮದಕ್ಕಿಂತ ಬಹಳ ದೊಡ್ಡ ವಿಮಾನ. ಆದರೂ ಅಲ್ಲಿನ ತಪ್ಪು ಇದೇ ಕೆಲಸದ್ದು: ಎಲಿವೇಟರ್ ಕೇಬಲ್ ಹೊಂದಿಸುವಾಗ ಕೈಪಿಡಿಯ ಕೆಲವು ಹಂತಗಳನ್ನು ಬಿಟ್ಟಿದ್ದರಿಂದ ಮೂಗನ್ನು ಕೆಳಗಿಳಿಸುವ ಚಲನೆ ಮೊಟಕಾಗಿತ್ತು, ಹಿಂಭಾಗದ ಅತಿಭಾರ ಅದಕ್ಕೆ ಜೊತೆಯಾಗಿತ್ತು. ಯಾವ ಹಂತ ಆಯಿತು, ಯಾವುದು ಉಳಿಯಿತು ಎಂಬುದು ಮೆಕ್ಯಾನಿಕ್‌ನ ನೆನಪಿನಲ್ಲಷ್ಟೇ ಇದ್ದರೆ, ಎರಡನೆಯವರ ತಪಾಸಣೆಗೂ ಆಧಾರವಿರುವುದಿಲ್ಲ.

ಕೇಳಿದ ಮೇಲೆ ಅಂಕಿಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟರು, ಮುಖ ಸಿಂಡರಿಸಲಿಲ್ಲ. ಬಿಲ್ಲು ಮೊದಲು ಹೇಳಿದ ಅಂದಾಜನ್ನು ಮೀರಲಿಲ್ಲ. ಮುಂದಿನ ವರ್ಷವೂ ಅಲ್ಲಿಗೇ ಕೊಡಲಿದ್ದೇವೆ. ಬಿಗಿತ ಮತ್ತು ತಾಪಮಾನದ ಅಂಕಿಗಳು ಲಾಗ್‌ಬುಕ್ಕಿನಲ್ಲೇ ದಾಖಲಾದ ಮೇಲಷ್ಟೇ ಬಾಕಿ ಹಣ ಸಂದಾಯವಾಗುವುದೆಂಬ ಷರತ್ತನ್ನು ಕೆಲಸ ಒಪ್ಪಿಸುವಾಗಲೇ ಬರೆಸುತ್ತೇವೆ.