ಸಿದ್ಧ ಬೈನರಿಯನ್ನು ನಂಬದೆ ಕಂಪೈಲರ್ ಕಟ್ಟುವುದು: ರಸ್ಟ್ ಮತ್ತು ಗೋ, ಎರಡನ್ನೂ ಮಾಡಿ ನೋಡಿದ ಮೇಲೆ

ನೆಟ್‌ವರ್ಕ್‌ಗೆ ಎಂದೂ ಜೋಡಿಸದ ಯಂತ್ರವೊಂದರಲ್ಲಿ ಕಡತಗಳಿಗೆ ಡಿಜಿಟಲ್ ಸಹಿ ಹಾಕುವ ಪುಟ್ಟ ಪ್ರೋಗ್ರಾಮೊಂದನ್ನು ನಾನು ಮೊದಲು ರಸ್ಟ್‌ನಲ್ಲಿ ಬರೆದಿದ್ದೆ. ಈಗ ಅದು ಗೋ ಭಾಷೆಯಲ್ಲಿದೆ. ಭಾಷೆಗಳ ಗುಣದೋಷ ಇದಕ್ಕೆ ಕಾರಣವಲ್ಲ. ಬೇರೆಯವರು ಕಟ್ಟಿಕೊಟ್ಟ ಬೈನರಿಯನ್ನು ನಡುವೆ ಎಲ್ಲಿಯೂ ಸೇರಿಸದೆ, ಮನುಷ್ಯರು ಬರೆದ ಸೋರ್ಸನ್ನು ಯಂತ್ರ ಓಡಿಸುವ ಬೈನರಿಯಾಗಿಸುವ ಕಂಪೈಲರನ್ನೂ ಸೋರ್ಸ್‌ನಿಂದಲೇ ಕಟ್ಟಿಕೊಳ್ಳಬೇಕೆಂಬ ನನ್ನ ನಿಯಮಕ್ಕೆ ಗೋ ಒಗ್ಗಿಕೊಂಡಷ್ಟು ರಸ್ಟ್ ಒಗ್ಗಿಕೊಳ್ಳಲಿಲ್ಲ.

ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳುವ ಕಂಪೈಲರ್‌ನಲ್ಲಿ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಬೈನರಿಯಲ್ಲಿ ಒಮ್ಮೆ ಇಟ್ಟ ಕಳ್ಳಬಾಗಿಲು, ಸೋರ್ಸ್‌ನಲ್ಲಿ ಒಂದಕ್ಷರದ ಗುರುತೂ ಇಲ್ಲದೆ, ಮುಂದಿನ ಎಲ್ಲ ಆವೃತ್ತಿಗಳಿಗೂ ದಾಟಬಲ್ಲದು ಎಂಬುದನ್ನು ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದರು. ಸಹಿ ಹಾಕುವ ಪ್ರೋಗ್ರಾಮಿನ ವಿಷಯದಲ್ಲಿ ಆ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ.

ತಳಪಾಯ ಎರಡಕ್ಕೂ ಒಂದೇ. ಕೇವಲ 357 ಬೈಟ್‌ಗಳ ಹೆಕ್ಸ್0 ಎಂಬ ಬೀಜದಿಂದ ಹೊರಟು, ಗ್ನೂ ಮೆಸ್ ಮತ್ತು ಟೈನಿಸಿಸಿ ಎಂಬ ಪುಟ್ಟ ಕಂಪೈಲರ್‌ಗಳನ್ನು ದಾಟಿ, ಜಿಸಿಸಿ ಎಂಬ ದೊಡ್ಡ ಕಂಪೈಲರ್‌ನ ಹಳೆಯ ಆವೃತ್ತಿಯನ್ನು ತಲುಪುವ ಲೈವ್-ಬೂಟ್‌ಸ್ಟ್ರ್ಯಾಪ್ ದಾರಿಯನ್ನು ನಾನು ಹಿಡಿದೆ. ಬರೀ ಸಿ ಕಂಪೈಲರ್‌ನಿಂದ ಕಟ್ಟಬಹುದಾದ ಕೊನೆಯ ಜಿಸಿಸಿ ಸರಣಿ 4.7, ದಾರಿಗಳು ಕವಲೊಡೆಯುವುದು ಅಲ್ಲಿಂದ. ಗೋ 1.4ರ ಕಂಪೈಲರ್ ಸಿ ಭಾಷೆಯದು, ಆದ್ದರಿಂದ ಅದಕ್ಕೆ ಅಷ್ಟೇ ಸಾಕು. ರಸ್ಟ್‌ನ ಕಂಪೈಲರ್ ರಸ್ಟ್‌ನಲ್ಲೇ ಇದೆ; ಅದರ ದಾರಿಗೆ ಬೇಕಾದ, ಸಿ++ನಲ್ಲಿ ಬರೆದ ಎಮ್‌ರಸ್ಟ್‌ಸಿ ಎಂಬ ಬೇರೊಂದು ರಸ್ಟ್ ಕಂಪೈಲರ್, ಸಿ++14 ಬಲ್ಲ ಕಂಪೈಲರನ್ನು ಕೇಳುತ್ತದೆ. ಅಂದರೆ ಮೊದಲು ಇನ್ನಷ್ಟು ಜಿಸಿಸಿಗಳನ್ನು ಕಟ್ಟಬೇಕು.

ಎಮ್‌ರಸ್ಟ್‌ಸಿ ನಿಜಕ್ಕೂ ದೊಡ್ಡ ಸಾಧನೆ. ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುವ ಬಾರೋ ಚೆಕ್ಕರ್‌ನ ಪರೀಕ್ಷೆಯನ್ನು ಅದು ಬಿಟ್ಟುಬಿಡುತ್ತದೆ, ಆದರೆ ಆಗಲೇ ಸರಿಯೆಂದು ಗೊತ್ತಿರುವ ಸೋರ್ಸನ್ನು ಸಿ ಸಂಕೇತವಾಗಿಸುವ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಅದರ ನೆರವಿನಿಂದ ರಸ್ಟ್ 1.74 ಎದ್ದು ನಿಂತಿತು. ಮುಂದಿನ ಪ್ರತಿಯೊಂದು ಆವೃತ್ತಿಗೂ ಅದರ ಹಿಂದಿನದೇ ಬೇಕಾಗುವುದರಿಂದ, ನನಗೆ ಬೇಕಾಗಿದ್ದ 1.85ನ್ನು ಮುಟ್ಟಲು ಹನ್ನೊಂದು ಸಲ ಕಟ್ಟಬೇಕಾಯಿತು.

ಎಡವಿದ್ದು ಈ ಹನ್ನೊಂದರ ನಡುವೆ. ರಸ್ಟನ್ನು ಕಟ್ಟುವ ಎಕ್ಸ್.ಪಿವೈ ಎಂಬ ಸ್ಕ್ರಿಪ್ಟ್, ಹಿಂದಿನ ಕಂಪೈಲರ್ ಎಲ್ಲಿದೆಯೆಂದು ನಾವು ಹೇಳದಿದ್ದರೆ, ಸಿದ್ಧ ಬೈನರಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಇದು ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿರುವ ನಡವಳಿಕೆ. ಸಾಮಾನ್ಯ ಬಳಕೆದಾರರಿಗೆ ಅನುಕೂಲವೂ ಹೌದು. ಪ್ರತಿ ಆವೃತ್ತಿಯ ಫೋಲ್ಡರ್‌ಗೂ ಕಾನ್ಫಿಗ್.ಟಾಮಲ್ ಎಂಬ ಸೂಚನೆಗಳ ಕಡತವನ್ನು ನಕಲಿಸಿ, ಅದರಲ್ಲಿ ರಸ್ಟ್‌ಸಿ (ಕಂಪೈಲರ್) ಮತ್ತು ಕಾರ್ಗೋ (ಪ್ಯಾಕೇಜ್ ಸಾಧನ) ಇರುವ ದಾರಿಯನ್ನು ತಿದ್ದುತ್ತಾ ಬಂದ ನಾನು 1.79ರಲ್ಲಿ ಆ ಕಡತವನ್ನು ಇಡಲು ಮರೆತೆ. ಕಟ್ಟುವ ಯಂತ್ರಕ್ಕೆ ಆಗ ನೆಟ್‌ವರ್ಕ್ ಇತ್ತು. ಕೆಲಸ ಎಲ್ಲಿಯೂ ನಿಲ್ಲಲಿಲ್ಲ, ಆವೃತ್ತಿ ಕೇಳಿದರೆ ಸರಿಯಾದ ಸಂಖ್ಯೆಯೇ ಬಂತು, 1.85ರವರೆಗೂ ಸುಸೂತ್ರವಾಗಿ ತಲುಪಿದೆ.

ಡಿಸ್ಕ್ ತುಂಬಿತೆಂದು ಹಳೆಯ ಫೋಲ್ಡರ್‌ಗಳನ್ನು ಅಳಿಸುತ್ತಿದ್ದಾಗ, 1.79ರ ಬಿಲ್ಡ್ ಫೋಲ್ಡರ್‌ನೊಳಗಿನ ಕ್ಯಾಶೆಯಲ್ಲಿ ತಾರೀಖೇ ಹೆಸರಾಗಿದ್ದ ಒಂದು ಉಪಫೋಲ್ಡರ್ ಕಣ್ಣಿಗೆ ಬಿತ್ತು. ಒಳಗೆ ನಾನು ಕಟ್ಟದ ಕಂಪೈಲರ್‌ನ ಸಂಕುಚಿತ ಕಡತಗಳಿದ್ದವು. ಸೋರ್ಸ್‌ನಿಂದಲೇ ಬಂದದ್ದೆಂದು ನಾನು ನಂಬಿದ್ದ ಸರಪಳಿ 1.79ರಲ್ಲೇ ಕಡಿದಿತ್ತು. ಅಲ್ಲಿಂದ ಮುಂದಿನ ಏಳನ್ನೂ ಅಳಿಸಿ, ನೆಟ್‌ವರ್ಕ್ ಕಿತ್ತು, ಮತ್ತೆ ಕಟ್ಟಿದೆ. ರಸ್ಟ್ ಜೊತೆಗೆ ಯಂತ್ರಸಂಕೇತ ಹುಟ್ಟಿಸುವ ಎಲ್‌ಎಲ್‌ವಿಎಂ ಎಂಬ ಭಾರೀ ಸಿ++ ರಾಶಿಯೂ ಇರುವುದರಿಂದ, ಎಂಟು ಜಿಬಿ ಮೆಮೊರಿಯ ನನ್ನ ಹಳೆಯ ಯಂತ್ರದಲ್ಲಿ ಒಂದೊಂದಕ್ಕೂ ರಾತ್ರಿಯೆಲ್ಲ ಹಿಡಿಯಿತು.

ಪ್ರತಿ ಆವೃತ್ತಿಯನ್ನೂ ಕಟ್ಟಬೇಕಿಲ್ಲವಾದ್ದರಿಂದ ಗೋ ದಾರಿ ಚಿಕ್ಕದು: 1.4, 1.17, 1.20, 1.22, 1.24. ಸಿ ಸಂಕೇತವನ್ನು ಬೆಸೆಯುವ ಸಿಗೋವನ್ನು ನಿಷ್ಕ್ರಿಯಗೊಳಿಸಿ, ಕಟ್ಟುವ ಸ್ಕ್ರಿಪ್ಟ್ ಮೇಕ್.ಬ್ಯಾಶ್ ಓಡಿಸಿದರೆ 1.4 ಸಿದ್ಧ. ದೋಷವಿಲ್ಲವೆಂದಲ್ಲ. 1.4ರ ಸೋರ್ಸ್‌ನಲ್ಲಿರುವ ವೈ.ಟ್ಯಾಬ್.ಸಿ ಮನುಷ್ಯರು ಬರೆದದ್ದಲ್ಲ, ವ್ಯಾಕರಣ ಕಡತದಿಂದ ಸಿ ಸಂಕೇತ ತಯಾರಿಸುವ ಬೈಸನ್ ಎಂಬ ಸಾಧನ ಹುಟ್ಟಿಸಿದ್ದು. ಕಡತ ಸಂಕುಚಿಸುವ ಎಕ್ಸ್‌ಝಡ್ ಸಾಧನದೊಳಗೆ ಕಳ್ಳಬಾಗಿಲು ಸಿಕ್ಕ 2024ರ ಪ್ರಕರಣದಲ್ಲಿ ಕಳ್ಳಸಂಕೇತವನ್ನು ಎಬ್ಬಿಸುವ ತುಣುಕು ಅಡಗಿದ್ದು ಬಿಡುಗಡೆಯ ಕಟ್ಟಿನಲ್ಲಿದ್ದ ಇಂಥದೇ, ಯಾರೂ ಓದದ ಕಡತವೊಂದರಲ್ಲಿ. ಹಾಗಾಗಿ ನಾನು ಅದನ್ನು ಅಳಿಸಿ, ವ್ಯಾಕರಣ ಕಡತದಿಂದ ನನ್ನದೇ ಬೈಸನ್ ಬಳಸಿ ಮತ್ತೆ ಹುಟ್ಟಿಸಿಕೊಂಡೆ. ಗೋ 1.21ರಿಂದ ಈಚೆಗೆ ಗೋ ಕಮಾಂಡ್ ಕೂಡ ಹೊಸ ಆವೃತ್ತಿಯನ್ನು ತಾನಾಗಿ ಇಳಿಸಿಕೊಳ್ಳಬಲ್ಲದು. ಗೋಟೂಲ್‌ಚೈನ್ ಎಂಬ ಚರಕ್ಕೆ ಲೋಕಲ್ ಎಂದು ಕೊಟ್ಟರೆ ಸುಮ್ಮನಿರುತ್ತದೆ. ಲಿನಕ್ಸ್‌ನ 64 ಬಿಟ್ ಆರ್ಮ್ ಯಂತ್ರಕ್ಕೆ 1.4ರಲ್ಲಿ ಬೆಂಬಲವಿಲ್ಲ.

ನನ್ನ ಮನಸ್ಸು ಗೆದ್ದದ್ದು ಕೊನೆಯ ಹೆಜ್ಜೆ. ಗೋ 1.21ರ ನಂತರದ ಕಂಪೈಲರ್, ಯಾವ ಕಂಪೈಲರ್‌ನಿಂದ ಕಟ್ಟಿದರೂ ಬೈಟ್‌ಬೈಟಿಗೂ ಒಂದೇ ಆಗಿ ಹೊರಬರುವಂತೆ ರೂಪಿತವಾಗಿದೆ. ಮೇಕ್.ಬ್ಯಾಶ್‌ಗೆ ಡಿಸ್ಟ್‌ಪ್ಯಾಕ್ ಎಂಬ ಆಯ್ಕೆ ಕೊಟ್ಟು 1.24ರ ಕಟ್ಟನ್ನು ತಯಾರಿಸಿ, ಕಡತದ ಬೆರಳಚ್ಚಿನಂತಿರುವ ಅದರ ಶಾ-256 ಮೊತ್ತವನ್ನು ಅಧಿಕೃತವಾಗಿ ಪ್ರಕಟಿಸಿದ ಮೊತ್ತದ ಪಕ್ಕದಲ್ಲಿಟ್ಟು ಓದಿದೆ: ಅರವತ್ತನಾಲ್ಕೂ ಅಂಕಿಗಳು ತಾಳೆಯಾದವು. ಡೇವಿಡ್ ವೀಲರ್ ತಮ್ಮ 2009ರ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ, ಬೇರೆ ಬೇರೆ ಕಂಪೈಲರ್‌ಗಳಿಂದ ಕಟ್ಟಿ ಹೋಲಿಸಿ ನೋಡುವ ಪರೀಕ್ಷೆಯ ಸಾರವೇ ಇದು, ನನಗೆ ಬೇರೆ ಶ್ರಮವಿಲ್ಲದೆ ದಕ್ಕಿತು. 1.79ರಲ್ಲಿ ಆದಂಥ ಮರೆವು ಇಲ್ಲಿ ಆಗಿದ್ದರೂ ಈ ಹೋಲಿಕೆಗೆ ಅದು ಗೊತ್ತಾಗುತ್ತಿರಲಿಲ್ಲ ಎಂಬುದೂ ನಿಜ. ಅದಕ್ಕೇ ಈಗ ಎಲ್ಲವನ್ನೂ ನೆಟ್‌ವರ್ಕ್ ಇಲ್ಲದೆಯೇ ಕಟ್ಟುತ್ತೇನೆ.

ಝಿಗ್ ಎಂಬ ಇನ್ನೊಂದು ಭಾಷೆ ತನ್ನ ಸೋರ್ಸ್ ಜೊತೆಗೇ ವಾಸ್ಮ್ ರೂಪದ ಸಿದ್ಧ ಬೈನರಿಯೊಂದನ್ನು ಇಟ್ಟುಕೊಂಡಿರುವುದರಿಂದ ಅದನ್ನು ಪರಿಗಣಿಸಲಿಲ್ಲ.

ಬಲವಾದ ಯಂತ್ರವಿದ್ದು, ರಸ್ಟ್‌ನಲ್ಲಿ ಆಗಲೇ ಬಹಳಷ್ಟು ಬರೆದಿರುವವರು ಎಮ್‌ರಸ್ಟ್‌ಸಿ ದಾರಿಯನ್ನು ಧೈರ್ಯವಾಗಿ ಹಿಡಿಯಬಹುದು. ಹೊಸ ಯಂತ್ರ ಕೊಳ್ಳುವ ಯೋಚನೆ ನನಗಿಲ್ಲ, ಕಂಪೈಲರ್ ಕಟ್ಟಲು ಕೂರುವುದು ವರ್ಷಕ್ಕೊಮ್ಮೆ ಮಾತ್ರ. ಆರು ವಾರಕ್ಕೊಂದು ಆವೃತ್ತಿ ತರುವ ರಸ್ಟ್‌ನ ಸರಪಳಿಗೆ ಅಷ್ಟರಲ್ಲಿ ಎಂಟೊಂಬತ್ತು ಕೊಂಡಿಗಳು ಸೇರಿರುತ್ತವೆ. ಗೋ 1.26ಕ್ಕೆ 1.24 ಸಾಕು, ಅದನ್ನು ಆಗಲೇ ಕಟ್ಟಿಟ್ಟುಕೊಂಡಿದ್ದೇನೆ.