ಕೋಲಾ ಜಾಗಕ್ಕೆ ಯಾವ ಟೀ?

ಕೋಲಾ ಬಿಡಬೇಕು ಅಂದ ಕೂಡಲೇ ಸಿಗುವ ಸಲಹೆ ಒಂದೇ: ಟೀ ಕುಡಿ. ಆದರೆ ಯಾವ ಟೀ? ಹಾಲು ಸಕ್ಕರೆ ಹಾಕಿದ್ದಾ, ಗ್ರೀನ್ ಟೀನಾ, ಬಾಟಲಿಯ ಐಸ್ ಟೀನಾ? ಒಂದೊಂದನ್ನೂ ಕೋಲಾ ಕುಡಿಯುತ್ತಿದ್ದ ಹೊತ್ತಿಗೇ ಕುಡಿದು ನೋಡಿದೆ. ಆರೋಗ್ಯದ ಲಾಭ ಎಷ್ಟೇ ಇರಲಿ, ಮಧ್ಯಾಹ್ನ ಕೋಲಾ ಬೇಕು ಅನ್ನಿಸಿದಾಗ ಕೈ ಯಾವ ಟೀ ಕಡೆ ಹೋಗುವುದಿಲ್ಲವೋ ಆ ಟೀ ನನಗೆ ಲೆಕ್ಕಕ್ಕಿಲ್ಲ.

ಮೊದಲು ಕೋಲಾ. 330 ಎಂಎಲ್ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟೊಂಬತ್ತು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಇಂಥ ಸಕ್ಕರೆ ದಿನದ ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಶೇ. 5 ಅಂದರೆ ಸುಮಾರು 25 ಗ್ರಾಂ. ಒಂದೇ ಕ್ಯಾನ್ ಅದನ್ನು ದಾಟುತ್ತದೆ. ಅಷ್ಟು ಸಕ್ಕರೆ ನಾಲಿಗೆಗೆ ಯಾಕೆ ಗೊತ್ತಾಗುವುದಿಲ್ಲ? ಹುಳಿ ಮತ್ತು ತಣ್ಣನೆ ಎರಡೂ ಸೇರಿ ಸಿಹಿಯನ್ನು ಮರೆಮಾಚುತ್ತವೆ. ಗ್ಯಾಸ್ ಹೋಗಿ ಬೆಚ್ಚಗಾದ ಕೋಲಾ ಒಂದು ಗುಟುಕು ಕುಡಿದು ನೋಡಿ, ಬರೀ ಪಾಕ. ಆ ಹುಳಿ ಹಲ್ಲಿಗೂ ಕಷ್ಟವೇ. ಹುಳಿ ಅಳೆಯುವ ಪಿಎಚ್ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಕೋಲಾದ ಪಿಎಚ್ ಸುಮಾರು 2.5. ಪಿಎಚ್ 5.5ರ ಆಸುಪಾಸಿಗೆ ಇಳಿದರೇ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಕರಗಲು ಶುರುವಾಗುತ್ತದೆ.

ಡಯಟ್ ಕೋಲಾ ಸಾಲದಾ? ಸಕ್ಕರೆ ಹೋಗುತ್ತದೆ, ಹುಳಿ ಹೋಗುವುದಿಲ್ಲ. ತೂಕ ಇಳಿಸಲು ಸಕ್ಕರೆಯಿಲ್ಲದ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿತು. ನನ್ನ ತಕರಾರು ಬೇರೆ: ಡಯಟ್ ಕುಡಿಯುವಷ್ಟು ದಿನ ಸಿಹಿಯ ಚಪಲ ಇದ್ದಲ್ಲೇ ಇತ್ತು.

ಬಾಟಲಿಯ ಐಸ್ ಟೀ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೇಬಲ್ ತಿರುಗಿಸಿ ನೋಡಿ. ಎಷ್ಟೋ ಬ್ರಾಂಡ್‌ಗಳಲ್ಲಿ ನೀರಿನ ನಂತರ ಬರುವ ಹೆಸರೇ ಸಕ್ಕರೆ. ಟೀ ಅನ್ನೋದು ಹೆಸರಿಗೆ ಮಾತ್ರ.

ಹಾಲು ಸಕ್ಕರೆ ಹಾಕಿದ ಟೀ ರುಚಿಯಲ್ಲಿ ಗೆಲ್ಲುತ್ತದೆ, ಅನುಮಾನವೇ ಇಲ್ಲ. ಎರಡು ಚಮಚ ಸಕ್ಕರೆ ಅಂದರೆ ಎಂಟು ಗ್ರಾಂ. ಒಂದು ಕ್ಯಾನಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಕಪ್ ಚಿಕ್ಕದು, ಮತ್ತೆ ಮತ್ತೆ ಬೇಕು ಅನ್ನಿಸುತ್ತದೆ. ನಾಲ್ಕು ಕಪ್ ಆದರೆ ಹತ್ತಿರಹತ್ತಿರ ಕೋಲಾ ಲೆಕ್ಕಕ್ಕೇ ಬಂದಿರುತ್ತೀರಿ. ಇನ್ನು ಬಿಸಿಲಲ್ಲಿ ಬಾಯಾರಿ ಬಂದವರಿಗೆ ಬಿಸಿ ಟೀ ಕೊಟ್ಟು ಕೋಲಾ ಮರೆತುಬಿಡು ಅಂದರೆ ಯಾರು ಕೇಳ್ತಾರೆ?

ಗ್ರೀನ್ ಟೀ ಕಹಿ ಅಂತ ದೂರುವವರು ಹೆಚ್ಚಾಗಿ ಕುದಿಯುವ ನೀರು ಹಾಕಿರುತ್ತಾರೆ. ನೀರು 75–80 ಡಿಗ್ರಿಯಷ್ಟಿದ್ದು, ಎರಡು ನಿಮಿಷಕ್ಕೆ ಎಲೆ ತೆಗೆದುಬಿಟ್ಟರೆ ಹಾಯಾಗಿ ಕುಡಿಯಬಹುದು. ನನಗೆ ಬೆಳಿಗ್ಗೆಗೆ ಹಿಡಿಸಿತು. ಮಧ್ಯಾಹ್ನಕ್ಕೆ ಮಾತ್ರ ಸಪ್ಪೆ.

ಒಣ ದಾಸವಾಳದ ಟೀ ಬಣ್ಣದಲ್ಲೂ ಹುಳಿಯಲ್ಲೂ ಕೂಲ್ ಡ್ರಿಂಕ್ಸ್‌ಗೆ ಹತ್ತಿರ. ಹಾಗಾಗಿ ಅದರ ಮೇಲೆ ಆಸೆ ಇಟ್ಟಿದ್ದೆ. ಮಾರನೇ ದಿನವೇ ತಲೆನೋವು. ಕಾರಣ ಕೆಫೀನ್: ಕೋಲಾ ಕ್ಯಾನಿನಲ್ಲಿ 30 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ದಾಸವಾಳದಲ್ಲಿ ಇಲ್ಲವೇ ಇಲ್ಲ. ಗ್ರೀನ್ ಟೀ ಕಪ್ಪಿನಲ್ಲಿ ಸುಮಾರು 30, ಬ್ಲ್ಯಾಕ್ ಟೀಯಲ್ಲಿ 45ರ ಸುತ್ತಮುತ್ತ. ಅದಕ್ಕೇ ಆ ಎರಡನ್ನು ಕುಡಿಯುವಾಗ ತಲೆ ನೋಯಲಿಲ್ಲ. ಕೋಲಾ ಬಿಟ್ಟ ಮೊದಲ ವಾರ ಕಷ್ಟಪಡುವವರು ಇದನ್ನು ಗಮನಿಸಬೇಕು. ಎಷ್ಟೋ ಸಲ ಕಾಡುವುದು ಸಕ್ಕರೆಯಲ್ಲ, ಕೆಫೀನ್.

ಕೊನೆಗೆ ನನ್ನ ಮನೆಯಲ್ಲಿ ಉಳಿದದ್ದು ತಣ್ಣೀರಲ್ಲಿ ನೆನೆಸಿದ ಬ್ಲ್ಯಾಕ್ ಟೀ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಆಯಿತು. ಪುಡಿ ಬೇಡ, ರಾಡಿಯಾಗುತ್ತದೆ. ತಣ್ಣೀರಿಗೆ ಟ್ಯಾನಿನ್ ಕಡಿಮೆ ಇಳಿಯುವುದರಿಂದ ಒಗರು ಇರುವುದಿಲ್ಲ, ಹಾಗಾಗಿ ಸಕ್ಕರೆಯೂ ಬೇಕಾಗುವುದಿಲ್ಲ. ಗೆಲುವಿನ ಗುಟ್ಟು ಇದಕ್ಕೆ ಅರ್ಧಕ್ಕರ್ಧ ಬರೀ ಸೋಡಾ ಬೆರೆಸುವುದು. ನನಗೆ ಬೇಕಿದ್ದದ್ದು ಗಂಟಲಲ್ಲಿ ಚುರ್ ಅನ್ನುವ ಆ ಗ್ಯಾಸ್ ಅಂತ ಆಗಲೇ ಗೊತ್ತಾದದ್ದು. ನಿಂಬೆ ನಾಲ್ಕು ಹನಿ ಸಾಕು. ಜಾಸ್ತಿ ಹಿಂಡಿದರೆ ಹಲ್ಲಿಗೆ ಮತ್ತೆ ಅದೇ ಹುಳಿ.

ಟೀಯಿಂದಲೇ ಲಾಭ ಇದೆಯಾ? ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಟೀ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತು. ಆದರೆ ಇದು ಬರೀ ಗಮನಿಸಿದ ಲೆಕ್ಕ. ಟೀಯಿಂದಲೇ ಹೀಗಾಯಿತು ಅನ್ನುವ ಹಾಗಿಲ್ಲ. ನನ್ನ ಪ್ರಕಾರ ದೊಡ್ಡ ಲಾಭ ಹೊಟ್ಟೆಗೆ ಹೋಗದ ಆ 35 ಗ್ರಾಂ ಸಕ್ಕರೆಯದು. ಟೀ ಅದಕ್ಕೆ ನೆಪ, ಒಳ್ಳೆಯ ನೆಪ.

ಕಬ್ಬಿಣಾಂಶ ಕಡಿಮೆ ಇರುವವರು ಊಟದ ಜೊತೆ ಇದನ್ನು ಕುಡಿಯಬಾರದು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಸೇರದಂತೆ ಟೀ ತಡೆಯುತ್ತದೆ, ಒಂದು ಗಂಟೆ ಅಂತರ ಇರಲಿ. ಸಂಜೆಯ ಮೇಲೆ ನಾನು ದಾಸವಾಳಕ್ಕೇ ಹೋಗುತ್ತೇನೆ, ಅದಕ್ಕೂ ಸೋಡಾ ಚೆನ್ನಾಗಿ ಒಗ್ಗುತ್ತದೆ.