ಬ್ಲೂ ಮೌಂಟನ್ ಕಾಫಿ ಕುಡಿಯಲು ಹೋಗಿ ಕಯೋವಾ ಜನರ ಪಹಣಿ ನೋಡಿಕೊಂಡು ಬಂದೆ

ಕಾಫಿ ಅಂಗಡಿಯವರು ನಡೆಸುವ ತರಗತಿಗೆ ಮೂರು ಭಾನುವಾರ ಹೋದೆ, 900 ರೂಪಾಯಿ ಕೊಟ್ಟೆ, ಮೂರೂ ದಿನ ಕೊನೆಯವರೆಗೆ ಕೂತಿದ್ದೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೆಳಗೆ ಹೇಳುತ್ತೇನೆ. ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೋಗಿ. ಅದರಲ್ಲೂ ಎರಡನೇ ಭಾನುವಾರ ತಪ್ಪಿಸಬೇಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದು ಚಿಕ್ಕಮಗಳೂರು ಪೇಟೆಯ ಕಾಫಿ ಪುಡಿ ಅಂಗಡಿ. ಕೆಳಗೆ ವ್ಯಾಪಾರ, ಮೇಲಿನ ಮಹಡಿಯಲ್ಲಿ ಇಪ್ಪತ್ತೈದು ಕುರ್ಚಿ ಹಾಕಿ ಭಾನುವಾರ ಬೆಳಿಗ್ಗೆ ತರಗತಿ ನಡೆಸುತ್ತಾರೆ. ಕಾಫಿ ಬೆಳೆಯುವ ಒಂದು ದೇಶ ತಗೊಂಡು, ಅಲ್ಲಿನ ಕಾಫಿ ಕುಡಿಸಿ, ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ಮಾತಾಡುವುದು ಇವರ ಪದ್ಧತಿ. ಈ ಸಲ ಜಮೈಕಾ. ಹೋಲಿಸಿ ನೋಡಲು ಅಮೆರಿಕದ ಓಕ್ಲಹೋಮಾದಲ್ಲಿರುವ ಕಯೋವಾ ಅನ್ನುವ ಮೂಲನಿವಾಸಿ ಜನಾಂಗ. ಅಲ್ಲಿ ಕಾಫಿಯೇ ಬೆಳೆಯುವುದಿಲ್ಲ, ಮತ್ತೆ ಇದೇನು ಜೋಡಿ ಅಂತ ಬೋರ್ಡ್ ನೋಡಿದಾಗ ಅನ್ನಿಸಿತ್ತು. ಆಲ್ದೂರಿನ ಕಡೆ ನಮ್ಮದೊಂದು ಸಣ್ಣ ತೋಟ ಇದೆ, ಹಾಗಾಗಿ ನಾನು ಹೋಗಿದ್ದು ಜಮೈಕಾದ ಹೆಸರಾಂತ ಬ್ಲೂ ಮೌಂಟನ್ ಕಾಫಿಯ ಆಸೆಗೆ ಮಾತ್ರ.

ಕಾಫಿ ಚೆನ್ನಾಗಿತ್ತು. ತುಂಬಾ ಮೆದು, ಕಹಿ ಕಡಿಮೆ, ಕುಡಿದ ಮೇಲೆ ನಾಲಿಗೆಯಲ್ಲಿ ಸಣ್ಣ ಸಿಹಿ ಉಳಿಯುತ್ತದೆ. ಹಾಲು ಹಾಕಲು ಬಿಡಲಿಲ್ಲ, ಸರಿಯಾಗಿಯೇ ಮಾಡಿದರು. ಆದರೆ ಪಕ್ಕದಲ್ಲೇ ಇಟ್ಟಿದ್ದ ಬಾಬಾಬುಡನ್ ಗಿರಿಯ ಅರೇಬಿಕಾ ನನಗೆ ಇನ್ನೂ ಹಿಡಿಸಿತು. ನಮ್ಮೂರ ಅಭಿಮಾನದಿಂದ ಹೇಳುತ್ತಿಲ್ಲ. ಅದಕ್ಕೆ ಒಂದು ಗಟ್ಟಿತನ ಇತ್ತು. ಬೆಲೆ ಮಾತ್ರ ಅಜಗಜಾಂತರ. ಜಮೈಕಾದ ಕಾಫಿಯನ್ನು ಮರದ ಪೀಪಾಯಿಯಲ್ಲಿ ತುಂಬಿ ಕಳಿಸುತ್ತಾರೆ, ಬಹಳ ವರ್ಷಗಳಿಂದ ಅದರ ದೊಡ್ಡ ಪಾಲು ಜಪಾನಿಗೆ ಹೋಗುತ್ತದೆ. 1728ರಲ್ಲಿ ಅಲ್ಲಿನ ಮಾಜಿ ಗವರ್ನರ್ ನಿಕೋಲಸ್ ಲಾಸ್ ಮಾರ್ಟಿನಿಕ್ ದ್ವೀಪದಿಂದ ಆ ಗಿಡ ತರಿಸಿದ್ದು. ತಳಿ ಟಿಪಿಕಾ, ಅರೇಬಿಕಾದ ಒಂದು ಹಳೇ ತಳಿ. ಅದರ ವಂಶ ಹಿಡಿದು ಹಿಂದಕ್ಕೆ ಹೋದರೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಜಾವಾ ದಾಟಿ ನಮ್ಮ ಮಲಬಾರ್ ಕರಾವಳಿಗೆ ಬಂದು ಮುಟ್ಟುತ್ತದೆ. ನಮ್ಮ ಅಜ್ಜಂದಿರ ಕಾಲದವರು ‘ಚಿಕ್ಸ್’ ಅನ್ನುತ್ತಿದ್ದ ಹಳೇ ತಳಿಯೂ ಇದೇ ಕುಲದ್ದು. ಎಲೆ ತುಕ್ಕು ರೋಗ, ಕಾಂಡ ಕೊರಕ ಸೇರಿ ಅದನ್ನು ಇಲ್ಲಿ ಮುಗಿಸಿದವು. ಹಾಗಾಗಿ ಆ ಲೋಟ ಕೈಯಲ್ಲಿ ಹಿಡಿದಾಗ ಕಳೆದುಹೋದ ನೆಂಟರನ್ನು ನೋಡಿದ ಹಾಗಾಯಿತು.

ಇನ್ನು ಮಾತಿನ ವಿಷಯ. ಪಾಠ ಮಾಡಿದವರು ಅರ್ಥಶಾಸ್ತ್ರದ ನಿವೃತ್ತ ಮೇಷ್ಟ್ರು. ಒಳ್ಳೆ ಕನ್ನಡ, ಗಡಿಬಿಡಿ ಇಲ್ಲ, ಪ್ರಶ್ನೆ ಕೇಳಿದರೆ ನಿಲ್ಲಿಸಿ ಉತ್ತರ ಕೊಡುತ್ತಾರೆ. ಮೊದಲ ದಿನ ಜಮೈಕಾ. 1655ರಲ್ಲಿ ಸ್ಪೇನಿನಿಂದ ಬ್ರಿಟಿಷರ ಕೈಗೆ ಬಂದ ದ್ವೀಪ. ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಕಬ್ಬಿನ ತೋಟದಲ್ಲಿ ದುಡಿಸಿದರು. 1834ರಲ್ಲಿ ಗುಲಾಮಗಿರಿ ರದ್ದಾಯಿತು ಅಂದರೂ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ಕ್ಕೆ. ಬ್ರಿಟಿಷ್ ಸರ್ಕಾರ ಇಡೀ ಸಾಮ್ರಾಜ್ಯಕ್ಕೆ ಸೇರಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ದುಡಿದವರಿಗೆ ಒಂದು ಬಿಡಿಗಾಸೂ ಇಲ್ಲ, ಪೂರಾ ಮಾಲೀಕರಿಗೆ. ಅದಕ್ಕೆಂದು ಮಾಡಿದ ಸಾಲ ಬ್ರಿಟನ್ನಿನ ಲೆಕ್ಕದಲ್ಲಿ ಪೂರ್ತಿ ತೀರಿದ್ದು 2015ರಲ್ಲಿ. ಇದನ್ನು ಕೇಳಿ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಿಡುಗಡೆಯಾದವರು ಗುಡ್ಡದ ಕಡೆ ಹೋಗಿ ತುಂಡು ತುಂಡು ಜಮೀನು ಮಾಡಿಕೊಂಡರು. 1845ರಿಂದ ತೋಟಕ್ಕೆ ಭಾರತದಿಂದ ಕೂಲಿಗಳನ್ನು ಒಪ್ಪಂದದ ಮೇಲೆ ಹಡಗು ಹತ್ತಿಸಿದರು.

ಸ್ವಾತಂತ್ರ್ಯ ಬಂದಿದ್ದು 1962ರ ಆಗಸ್ಟ್ 6ಕ್ಕೆ. ಆಮೇಲಿನ ಕಥೆ ಬಾಕ್ಸೈಟ್ (ಅಲ್ಯೂಮಿನಿಯಂ ತೆಗೆಯುವ ಅದಿರು), ಪ್ರವಾಸಿಗರು, ಸಾಲ. 1974ರಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ವಿದೇಶಿ ಬಾಕ್ಸೈಟ್ ಕಂಪನಿಗಳ ಮೇಲೆ ದೊಡ್ಡ ಸುಂಕ ಹಾಕಿದರು. ಮಣ್ಣು ನಮ್ಮದು, ಪಾಲು ಕೊಡಿ ಅಂತ. ಮೇಷ್ಟ್ರು ಇಲ್ಲಿ ಕುದುರೆಮುಖದ ಮಾತು ತೆಗೆದರು. 2005ರ ಕೊನೆಗೆ ಅಲ್ಲಿ ಗಣಿ ನಿಂತಾಗ ಖಾಲಿಯಾದ ಮನೆಗಳನ್ನು ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೇವೆ, ಅಲ್ವಾ? ಗಣಿ ನಂಬಿದ ಊರಿನ ಹಣೆಬರಹ ಏನು ಅಂತ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಸಾಲದ ಭಾಗ ಸ್ವಲ್ಪ ಜಾಸ್ತಿ ಹೊತ್ತು ತಗೊಂಡರು, ಆದರೆ ಬೇಕಿತ್ತು. 1977ರಿಂದ ಸಾಲಕ್ಕಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಗಿ ಬಂದ ದೇಶ. 2012-13ರ ಹೊತ್ತಿಗೆ ಸಾಲ ಜಿಡಿಪಿಯ ಸುಮಾರು 145%. ಅಂದರೆ ಇಡೀ ದೇಶ ಒಂದು ವರ್ಷ, ಮೇಲೆ ಸುಮಾರು ಆರು ತಿಂಗಳು, ಉಣ್ಣದೆ ಉಡದೆ ದುಡಿದದ್ದನ್ನೆಲ್ಲ ಕೊಟ್ಟರೆ ಮಾತ್ರ ತೀರುವಷ್ಟು. ಆಮೇಲೆ ಸರ್ಕಾರಿ ನೌಕರರ ಸಂಬಳ ಹಿಡಿದಿಟ್ಟು, ಖರ್ಚು ಕಡಿತ ಮಾಡಿ, ಹತ್ತು ವರ್ಷದಲ್ಲಿ ಅದನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದರು. ಎರಡು ಬೇರೆ ಬೇರೆ ಪಕ್ಷದ ಸರ್ಕಾರ ಬಂದರೂ ಹಿಡಿದ ದಾರಿ ಬಿಡಲಿಲ್ಲ. ನಡುವೆ ಮನೆ ನಡೆಸಿದ್ದು ಹೊರಗೆ ಹೋದ ಮಕ್ಕಳ ದುಡ್ಡು. ವರ್ಷಕ್ಕೆ 300 ಕೋಟಿ ಡಾಲರ್‌ಗೂ ಮೇಲೆ ಹಾಗೆ ಬರುತ್ತದೆ, 28 ಲಕ್ಷ ಜನರ ದೇಶಕ್ಕೆ. ಲಂಡನ್, ಟೊರಾಂಟೊ, ನ್ಯೂಯಾರ್ಕಿನಲ್ಲಿ ನರ್ಸ್, ಡ್ರೈವರ್, ತೋಟದ ಕೂಲಿ. ನಮ್ಮ ಮಲೆನಾಡಿನ ಮನೆಗಳಲ್ಲೂ ಬೆಂಗಳೂರಿನ ಮಗನ ದುಡ್ಡಿನಲ್ಲೇ ತೋಟದ ಗೊಬ್ಬರ ಬರುವುದು ಎಷ್ಟು ಕಡೆ ಇಲ್ಲ! 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಆ ದೇಶದ ಪಶ್ಚಿಮ ಭಾಗವನ್ನು ಹೊಡೆದು ಹಾಕಿದಾಗ, ಮೊದಲೇ ಮಾಡಿಟ್ಟಿದ್ದ, ವಿಮೆಯಂತೆ ಕೆಲಸ ಮಾಡುವ ವಿಪತ್ತು ಬಾಂಡ್‌ನಿಂದ 15 ಕೋಟಿ ಡಾಲರ್ ಬಂತು. ನಷ್ಟದ ಮುಂದೆ ಅದು ಸಣ್ಣದು. ಆದರೂ ಒಂದು ದೇಶ ಅಂತ ಇದ್ದದ್ದಕ್ಕೆ ಹಾಗೆ ಮೊದಲೇ ಕೂತು ಲೆಕ್ಕ ಹಾಕಲು ಆಯಿತು.

ಎರಡನೇ ಭಾನುವಾರ ಕಯೋವಾ. ಇದಕ್ಕೆ ನಾನು ತಯಾರಾಗಿ ಹೋಗಿರಲಿಲ್ಲ.

ಕುದುರೆ, ಕಾಡೆಮ್ಮೆಯಂಥ ಬೈಸನ್, ವ್ಯಾಪಾರ, ದಾಳಿ, ಇದು ಅವರ ಹಳೇ ಬದುಕು. 1867ರಲ್ಲಿ ಅಮೆರಿಕ ಸರ್ಕಾರದ ಜೊತೆ ಮೆಡಿಸಿನ್ ಲಾಡ್ಜ್ ಒಪ್ಪಂದ ಆಯಿತು. ಕಯೋವಾ, ಕೊಮಾಂಚಿ, ಬಯಲಿನ ಅಪಾಚಿ, ಮೂರು ಜನಾಂಗಕ್ಕೆ ಸೇರಿ ಸುಮಾರು 29 ಲಕ್ಷ ಎಕರೆಯನ್ನು ಸರ್ಕಾರ ಮೀಸಲಿಟ್ಟಿತು. ಮುಂದೆ ಆ ನೆಲ ಬಿಡಿಸಬೇಕಾದರೆ ವಯಸ್ಸಿಗೆ ಬಂದ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕಬೇಕು ಅಂತ ಒಪ್ಪಂದದಲ್ಲೇ ಬರೆದಿತ್ತು. 1870ರ ದಶಕದಲ್ಲಿ ಚರ್ಮದ ಬೇಟೆಗಾರರು ಬೈಸನ್ ಹಿಂಡುಗಳನ್ನು ನಾಶ ಮಾಡಿದರು. ಊಟ, ಬಟ್ಟೆ, ಮನೆ ಎಲ್ಲ ಒಂದೇ ಪ್ರಾಣಿಯಿಂದ ಬರುತ್ತಿದ್ದವರಿಗೆ ಒಂದೇ ದಶಕದಲ್ಲಿ ಸರ್ಕಾರದ ರೇಷನ್ ಗತಿಯಾಯಿತು. 1892ರಲ್ಲಿ ಸರ್ಕಾರದ ಜೆರೋಮ್ ಆಯೋಗ ಬಂದು ನೆಲ ಹಂಚುವ ಕಾಗದಕ್ಕೆ ಸಹಿ ಮಾಡಿಸಿತು. ಸಹಿ ಸಾಲದು, ಮೋಸ ಆಗಿದೆ ಅಂತ ಕಯೋವಾ ಮುಖಂಡ ಲೋನ್ ವುಲ್ಫ್ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 1901ರಲ್ಲಿ, ತಲೆಗೆ 160 ಎಕರೆ ಅಂತ ಇವರಿಗೆ ಕೊಟ್ಟು ಉಳಿದದ್ದರಲ್ಲಿ 13,000 ಜಾಗಗಳನ್ನು ಹೊರಗಿನವರಿಗೆ ಲಾಟರಿ ಎತ್ತಿದರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಹೆಸರು ಬರೆಸಿದ್ದರು. 1903ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಒಪ್ಪಂದ ಏನೇ ಇರಲಿ, ಸಂಸತ್ತು ಅದನ್ನು ಮುರಿಯಬಹುದು.

ಮೇಷ್ಟ್ರು ಇದನ್ನು ಹೇಳಿ ಮುಂದಕ್ಕೆ ಹೋಗಲಿಲ್ಲ. ಆ 160 ಎಕರೆ ಆಮೇಲೆ ಏನಾಯಿತು ಅಂತ ಬೋರ್ಡಿನ ಮೇಲೆ ಒಂದು ವಂಶವೃಕ್ಷ ಬರೆದರು. ಭೂಮಿ ಸರ್ಕಾರದ ಟ್ರಸ್ಟಿನಲ್ಲಿ. ಮಾಲೀಕ ತೀರಿಕೊಂಡರೆ ಮಕ್ಕಳಿಗೆ ಪಾಲು, ಅವರ ಮಕ್ಕಳಿಗೆ ಪಾಲಿನಲ್ಲಿ ಪಾಲು, ಆದರೆ ನೆಲದ ಮೇಲೆ ಗಡಿ ಹಾಕಿ ಬೇರೆ ಮಾಡುವುದಿಲ್ಲ. ನಾಲ್ಕು ತಲೆಮಾರು ಕಳೆದರೆ ಒಂದೇ ತುಂಡಿಗೆ ಹತ್ತಾರು, ಕೆಲವು ಕಡೆ ನೂರಾರು ಹಕ್ಕುದಾರರು. ಉಳುವುದಕ್ಕೂ ಮನೆ ಕಟ್ಟುವುದಕ್ಕೂ ಅಷ್ಟೊಂದು ಜನರ ಒಪ್ಪಿಗೆ, ಮೇಲೆ ಅಮೆರಿಕ ಕೇಂದ್ರ ಸರ್ಕಾರದ ‘ಇಂಡಿಯನ್’, ಅಂದರೆ ಮೂಲನಿವಾಸಿ, ವ್ಯವಹಾರಗಳ ಕಚೇರಿಯ ಒಪ್ಪಿಗೆ. ಬ್ಯಾಂಕಿನಲ್ಲಿ ಅಡ ಇಡುವುದಂತೂ ಬಹಳ ಕಷ್ಟ. ಹಾಗಾಗಿ ಹೊರಗಿನ ರೈತನಿಗೋ ದನ ಸಾಕುವವನಿಗೋ ಗುತ್ತಿಗೆ. ವರ್ಷಕ್ಕೊಮ್ಮೆ ಸಣ್ಣ ಚೆಕ್.

ನನ್ನ ಕೈ ಲೋಟದ ಮೇಲೆ ಹಾಗೇ ನಿಂತಿತು. ನಮ್ಮ ಮನೆಯ ಒಂಬತ್ತು ಎಕರೆ ಇವತ್ತಿಗೂ ಅಜ್ಜನ ಹೆಸರಿನಲ್ಲೇ ಇದೆ. ಜಂಟಿ ಖಾತೆ, ಹನ್ನೊಂದು ಜನ ವಾರಸುದಾರರು, ಪೋಡಿ ಆಗಿಲ್ಲ. ಕಣ ಸರಿ ಮಾಡಿಸಲು ಸಾಲ ಕೇಳಿದರೆ ಬ್ಯಾಂಕಿನವರು ಹನ್ನೊಂದೂ ಸಹಿ ತನ್ನಿ ಅಂದರು. ಒಬ್ಬರು ಮಂಗಳೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಾತೇ ಬಿಟ್ಟಿದ್ದಾರೆ. ನಮಗೆ ಒಂದು ದಾರಿ ಇದೆ, ದಾಯಾದಿಗಳು ಒಪ್ಪಿದರೆ ತಾಲ್ಲೂಕು ಕಚೇರಿಗೆ ಹೋಗಿ ಭಾಗ ಮಾಡಿಸಿಕೊಳ್ಳಬಹುದು. ಕಯೋವಾ ಜನರ ಮೇಲೆ ಆ ಗೋಜಲನ್ನು ಹೊರಗಿನವರು ಕಾನೂನು ಮಾಡಿ ಹೇರಿದರು. ಅವರ ಗುತ್ತಿಗೆ ದುಡ್ಡಿನ ಲೆಕ್ಕವನ್ನೂ ಸರ್ಕಾರ ಸರಿಯಾಗಿ ಇಡಲಿಲ್ಲ ಅಂತ 1996ರಲ್ಲಿ ಬ್ಲ್ಯಾಕ್‌ಫೀಟ್ ಜನಾಂಗದ ಎಲೂಯಿಸ್ ಕೊಬೆಲ್ ಎಂಬ ಹೆಂಗಸು ಇಂಥ ಟ್ರಸ್ಟ್ ಖಾತೆ ಇರುವ ಎಲ್ಲ ಜನಾಂಗಗಳ ಜನರ ಪರವಾಗಿ ಕೇಸು ಹಾಕಿದರು. 2009ರಲ್ಲಿ 340 ಕೋಟಿ ಡಾಲರ್‌ಗೆ ರಾಜಿಯಾಯಿತು. ನಮ್ಮಪ್ಪ, ಕಾಫಿಯನ್ನು ಬೋರ್ಡಿಗೇ ಕೊಡಬೇಕಿದ್ದ ಕಾಫಿ ಬೋರ್ಡಿನ ಪೂಲ್ ಕಾಲದಲ್ಲಿ, ಕಾಫಿ ಕೊಟ್ಟು ಕಂತಿನ ದುಡ್ಡಿಗೆ ವರ್ಷಗಟ್ಟಲೆ ಕಾಯುತ್ತಿದ್ದರು. 1996ರಲ್ಲಿ ಪೂರ್ತಿ ಫ್ರೀ ಸೇಲ್ ಆಗಿ, ಬೆಳೆಗಾರರೇ ಮಾರಿಕೊಳ್ಳಬಹುದು ಅಂತ ಆದಾಗ ಅವರು ಪಟ್ಟ ಖುಷಿ ನೆನಪಿದೆ. ನಮ್ಮ ಬೆಳೆಯ ದುಡ್ಡು ಇನ್ನೊಬ್ಬರ ಕಪಾಟಿನಲ್ಲಿದ್ದರೆ ಹೇಗಿರುತ್ತದೆ ಅಂತ ನಮಗೆ ಅಷ್ಟರ ಮಟ್ಟಿಗಾದರೂ ಗೊತ್ತು.

ಈಗ ಕಯೋವಾ ಸದಸ್ಯರು ಸುಮಾರು 12,000 ಜನ, ಕಾರ್ನೆಗಿ ಅನ್ನುವ ಸಣ್ಣ ಊರಿನಲ್ಲಿ ಅವರ ಆಡಳಿತ ಕಚೇರಿ. ಎಷ್ಟೋ ಜನ ಕೆಲಸ ಹುಡುಕಿ ದೊಡ್ಡ ಊರುಗಳಿಗೆ ಹೋಗಿದ್ದಾರೆ. 2007ರಲ್ಲಿ ಟೆಕ್ಸಾಸ್ ಗಡಿಯ ರೆಡ್ ರಿವರ್ ಹತ್ತಿರ ಡೆವೊಲ್‌ನಲ್ಲಿ ಕ್ಯಾಸಿನೊ ತೆರೆದರು. ಅದೇ ಅವರ ದೊಡ್ಡ ಆದಾಯ, ದೊಡ್ಡ ಉದ್ಯೋಗ. ಜೂಜಿನ ದುಡ್ಡು ಯಾಕೆ ಅಂತ ಹಿಂದೆ ಕೂತಿದ್ದ ಒಬ್ಬರು ಸ್ವಲ್ಪ ಕಟುವಾಗಿ ಕೇಳಿದರು. ಮೇಷ್ಟ್ರು ಶಾಂತವಾಗಿ, ಬೇರೆ ಯಾವ ಬಾಗಿಲು ತೆರೆದಿತ್ತು ಹೇಳಿ ಅಂದರು. ನನಗೂ ಹಾಗೇ ಅನ್ನಿಸಿತು.

ಈಗ ಕಡಿಮೆಯಾದ ಒಂದು ಸ್ಟಾರ್. ಮೂರನೇ ಭಾನುವಾರ ಹೋಲಿಕೆ ಇತ್ತು, ಅದೇ ದುರ್ಬಲ. ತಲಾ ಆದಾಯ, ನಿರುದ್ಯೋಗ, ಬಡತನ ಅಂತ ಎರಡು ಕಂಬದ ಚಾರ್ಟು ತೋರಿಸಿದರು, ತಲಾ ಆದಾಯದಲ್ಲಿ ಕಯೋವಾ ಕಂಬ ಎತ್ತರ ಇತ್ತು. ನೋಡಿದವರು ಓಹೋ, ಇವರೇ ಸುಖವಾಗಿದ್ದಾರೆ ಅಂದುಕೊಳ್ಳುತ್ತಾರೆ. ಆದರೆ ಒಂದು ಕಡೆ ಸ್ವಂತ ನೋಟು, ಸ್ವಂತ ಪೇಟೆ ಬೆಲೆ ಇರುವ 28 ಲಕ್ಷ ಜನರ ದೇಶ. ಇನ್ನೊಂದು ಕಡೆ ಅಮೆರಿಕದ ಬೆಲೆಯಲ್ಲಿ ಅಕ್ಕಿಬೇಳೆ ಕೊಳ್ಳಬೇಕಾದ, ಅಮೆರಿಕದ ಉಳಿದವರ ನಡುವೆ ಚದುರಿಹೋದ 12,000 ಜನ. ಎರಡನ್ನೂ ಡಾಲರಿನಲ್ಲಿ ಒಂದೇ ಚಾರ್ಟಿಗೆ ಹಾಕಿದರೆ ಏನೂ ತಿಳಿಯುವುದಿಲ್ಲ. ಹಿಂದಿನ ಎರಡು ವಾರ ಅವರೇ ಕೈಗೆ ಕೊಟ್ಟಿದ್ದ ದಾರ ಇತ್ತಲ್ಲ, ಸಹಿ ಯಾರದು ಅನ್ನುವುದು, ಅದನ್ನು ಹಿಡಿದೇ ಹೋಲಿಸಬೇಕಿತ್ತು. ಜಮೈಕಾ ಬಾಕ್ಸೈಟ್ ಸುಂಕ ಹಾಕಿದಾಗ ಸಹಿ ಅವರದೇ. ಐಎಂಎಫ್ ಷರತ್ತು ಎಷ್ಟೇ ಬಿಗಿ ಇದ್ದರೂ ಕಾಗದಕ್ಕೆ ಸಹಿ ಹಾಕಿದ್ದು ಅವರ ಮಂತ್ರಿ, ಬೇಡ ಅನ್ನಿಸಿದರೆ ಜನ ಆ ಸರ್ಕಾರವನ್ನು ಮನೆಗೆ ಕಳಿಸಬಹುದು. ಕಯೋವಾ ಹತ್ತಿರ ನೆಲ ಇದೆ, ಕೊನೆಯ ಸಹಿ ಇಲ್ಲ. ಇದನ್ನು ನಾನು ಎದ್ದು ನಿಂತು ಹೇಳಿದೆ. ಮೇಷ್ಟ್ರು ಕೇಳಿಕೊಂಡರು, ಬರೆದುಕೊಂಡರು, ಮುಂದಿನ ತಂಡಕ್ಕೆ ಆ ಚಾರ್ಟು ತೆಗೆಯುತ್ತೇನೆ ಅಂದರು. ತೆಗೆದಿದ್ದಾರಾ ಅಂತ ಹೋದವರು ಇಲ್ಲಿ ಬರೆಯಿರಿ.

ಅಂಗಡಿಯವರಿಗೂ ಎರಡು ಮಾತು. ಬ್ಲೂ ಮೌಂಟನ್ ಎರಡನೇ ಲೋಟಕ್ಕೆ 350 ರೂಪಾಯಿ ಬೇರೆ ಅಂತ ಕುಡಿದ ಮೇಲೆ ಹೇಳಬೇಡಿ, ಮೊದಲೇ ಬೋರ್ಡಿನಲ್ಲಿ ಹಾಕಿ. ಪಾಠ ಚೆಂದದ ಕನ್ನಡದಲ್ಲಿ ಮಾಡಿ, ಕೈಗೆ ಕೊಡುವ ಹಾಳೆ ಪೂರಾ ಇಂಗ್ಲಿಷಿನಲ್ಲಿ ಕೊಟ್ಟರೆ ಹೇಗೆ? ನನ್ನ ಪಕ್ಕ ಕೂತಿದ್ದ ತೋಟದ ರೈಟರ್ (ಲೆಕ್ಕಪತ್ರ ಬರೆಯುವವರು) ಒಬ್ಬರು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡರು, ಓದಲಿಲ್ಲ. ಅವರು ಕೇಳಿದ ಪ್ರಶ್ನೆಗಳೇ ಎಲ್ಲರಿಗಿಂತ ಚೆನ್ನಾಗಿದ್ದವು.

ಹೋಗುವವರಿಗೆ: ಹತ್ತು ಗಂಟೆಗೆ ಶುರು ಅಂದರೆ ಹತ್ತಕ್ಕೇ ಶುರು. ಮಹಡಿ ಮೆಟ್ಟಿಲು ಕಡಿದಾಗಿದೆ, ಮಂಡಿನೋವು ಇರುವವರು ಮೊದಲೇ ಫೋನ್ ಮಾಡಿದರೆ ಕೆಳಗೆ ಕೂರಿಸಿ ಸ್ಪೀಕರ್ ಹಾಕಿಕೊಡುತ್ತಾರೆ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಬನ್ನಿ, ಅಂಗಡಿ ಮುಂದೆ ಜಾಗ ಇಲ್ಲ. ಮನೆಗೆ ಪುಡಿ ತಗೊಳ್ಳುವುದಾದರೆ ಬಾಬಾಬುಡನ್ ಗಿರಿ ಅರೇಬಿಕಾ ತಗೊಳ್ಳಿ, ನಿಮ್ಮ ಕಣ್ಣೆದುರೇ ಹುರಿದು ಪುಡಿ ಮಾಡುತ್ತಾರೆ. ನಾನು ಅರ್ಧ ಕೆಜಿ ಹೆಚ್ಚು ತಗೊಂಡೆ. ಮಂಗಳೂರಿನ ಚಿಕ್ಕಪ್ಪನ ಮನೆಗೆ ಬರುವ ವಾರ ಹೋಗುತ್ತಿದ್ದೇನೆ, ಪಹಣಿ ಕಾಗದ ಹಿಡಿದುಕೊಂಡು.